ಗೋಡೆಗೆ ಮುಖ ಮಾಡಿ ಕೂತ ಹಿರಿಯರು

ಒಂದು ಮುಂಜಾನೆ ಸಿಟ್ಟು ಬಂದು ಎಣಿಸಿಯೇ ಬಿಟ್ಟೆ. ಮನೆಯಿಂದ ಊರ ಹೊರಗಿನ ಮೈಲಿಗಲ್ಲು ಮುಟ್ಟುವುದರೊಳಗೆ ಹದಿನಾಲ್ಕು ಸಲ ಸೈಕಲ್ಲಿನಿಂದ ಇಳಿದಿದ್ದೆ. ಪಂಕ್ಚರ್ ಆಗಿರಲಿಲ್ಲ, ನಾಯಿ ಬೆನ್ನು ಹತ್ತಿರಲಿಲ್ಲ, ಚೈನು ಕಳಚಿರಲಿಲ್ಲ. ದಾರಿಯಲ್ಲಿ ಹದಿನಾಲ್ಕು ಜನ ಹಿರಿಯರು ಎದುರಾಗಿದ್ದರು, ಅಷ್ಟೇ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಬಾಗಲಕೋಟೆಯ ಮಗಳು, ಇಳಕಲ್ಲಿನ ನೇಕಾರರ ಮನೆಯ ಸೊಸೆ. ತವರಿನಲ್ಲಿದ್ದಾಗ ಅಣ್ಣನ ಸೈಕಲ್ ಕದ್ದು ಘಟಪ್ರಭಾ ನದಿಯ ದಂಡೆಯಲ್ಲಿ ಓಡಿಸಲು ಕಲಿತು, ಎರಡೂ ಮೊಣಕಾಲಿನ ಚರ್ಮವನ್ನು ಅಲ್ಲೇ ಬಿಟ್ಟು ಬಂದವಳು. ಮದುವೆಯಾದ ನಾಲ್ಕನೇ ವರ್ಷ ಹುನಗುಂದದ ರಸ್ತೆಯಲ್ಲಿ ಮೂರು ಮೈಲಿ ದೂರದ ಹಳ್ಳಿಯೊಂದರ ಶಾಲೆಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತು. ಶಾಲೆ ಹತ್ತಕ್ಕೆ. ಬಸ್ಸು ಒಂದು ಎಂಟಕ್ಕೆ ಹೋಗುತ್ತಿತ್ತು, ಇನ್ನೊಂದು ಹನ್ನೊಂದಕ್ಕೆ. ಎಂಟರ ಬಸ್ಸು ಹತ್ತಿದರೆ ಮನೆಮಂದಿಗೆ ರೊಟ್ಟಿ ಬಡಿಯುವವರು ಯಾರು? ಅಣ್ಣ ಒಂದು ಹಳೆಯ ಲೇಡೀಸ್ ಸೈಕಲ್ಲನ್ನು ಬಸ್ಸಿನ ತಲೆಯ ಮೇಲೆ ಹೇರಿ ಕಳಿಸಿದ. ಅದು ಇಳಿದ ದಿನ ನಾನು ಅಂಗಳದಲ್ಲೇ ಮೂರು ಸುತ್ತು ಹೊಡೆದೆ. ಅತ್ತೆಯವರ ಎಮ್ಮೆ ಎರಡು ದಿನ ಹಾಲು ಕೊಡಲಿಲ್ಲವಂತೆ.

ಆಗ ಹೆಂಗಸರು ಸೈಕಲ್ ಮೇಲೆ ಕೆಲಸಕ್ಕೆ ಯಾಕೆ ಹೋಗುತ್ತಿರಲಿಲ್ಲ ಎಂದು ಈಗ ಯಾರಾದರೂ ಕೇಳಿದರೆ, ಜನ ಆಡಿಕೊಳ್ಳುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಆಡಿಕೊಂಡರು, ಸುಳ್ಳಲ್ಲ. ಪಕ್ಕದ ಮನೆಯಾಕೆ "ಗರ್ಭ ಜಾರ್ತದವಾ" ಅಂದಳು. ಗಂಡನ ಸೋದರತ್ತೆ ನನ್ನ ಮೀನಖಂಡಗಳನ್ನು ನೋಡಿ, "ಇವು ಗರಡಿಮನಿ ಪೈಲವಾನನ ಕಾಲಾಗತಾವ ನೋಡು" ಎಂದು ಮುಖ ಕಿವುಚಿದರು. ಇಂಥವರಿಗೆ ಉತ್ತರ ಕೊಡಲು ನನಗೆ ಬಾಯಿ ಇತ್ತು, ಅದು ಸಣ್ಣದೂ ಆಗಿರಲಿಲ್ಲ. "ಪೈಲವಾನನ ಕಾಲಾದ್ರ ನಿಮ್ಮನ್ನ ಹೊತ್ತುಕೊಂಡು ಶಿವಯೋಗ ಮಂದಿರದ ಜಾತ್ರಿಗೆ ಹೋಗಿಬರ್ತೇನಿ ಬಿಡ್ರಿ" ಅಂದೆ. ಆಮೇಲೆ ಅವರು ನನ್ನ ಕಾಲಿನ ಸುದ್ದಿಗೆ ಬರಲಿಲ್ಲ.

ನನ್ನನ್ನು ಸೋಲಿಸಿದ್ದು ಮರ್ಯಾದೆ. ಹಿರಿಯರು ಎದುರಿಗೆ ಬಂದರೆ ಸೊಸೆಯಾದವಳು ಸೈಕಲ್ ಮೇಲೆ ಕೂತೇ ಹೋಗುವಂತಿಲ್ಲ. ಇಳಿಯಬೇಕು, ತಲೆಯ ಮೇಲೆ ಸೆರಗು ಎಳೆದುಕೊಳ್ಳಬೇಕು, "ಶರಣ್ರಿ" ಅನ್ನಬೇಕು. ಅವರು "ಚೊಲೊ ಅದಿ ಏನವಾ, ತವರುಮನ್ಯಾಗ ಎಲ್ಲಾರೂ ಆರಾಮ?" ಎಂದು ಪ್ರೀತಿಯಿಂದಲೇ ಕೇಳುತ್ತಾರೆ. ಹೂಂ ಅನ್ನಬೇಕು. ಇಳಿಯುವುದೇನೋ ಸುಲಭ. ಹತ್ತುವುದೇ ಫಜೀತಿ. ಸೈಕಲ್ಲು ಎತ್ತರ, ನಾನು ಗಿಡ್ಡಿ, ಮೇಲೆ ಎಂಟು ಗಜದ ಇಳಕಲ್ ಸೀರೆ. ಕಾಲಿಡಲು ಒಂದು ಕಲ್ಲು ಸಿಗುವವರೆಗೆ ತಳ್ಳಿಕೊಂಡೇ ನಡೆಯಬೇಕು. ಆ ದಾರಿಯ ಕಲ್ಲುಗಳೆಲ್ಲ ನನಗೆ ನೆಂಟರಂತೆ ಪರಿಚಯವಾಗಿದ್ದವು. ಒಂದು ಕಲ್ಲಿನ ಮೇಲೆ ಹತ್ತಿ ನಾಲ್ಕು ಪೆಡಲ್ ತುಳಿಯುವುದರೊಳಗೆ ಇನ್ನೊಬ್ಬ ಅಜ್ಜ ವಿಭೂತಿ ಹಚ್ಚಿಕೊಂಡು ಬರುತ್ತಿದ್ದ. ಬೇರೆ ಓಣಿ ಹಿಡಿಯೋಣವೆಂದರೆ, ಮುಂಜಾನೆಯ ಹೊತ್ತು ಅಲ್ಲೆಲ್ಲ ನೂಲಿಗೆ ಗಂಜಿ ಹಚ್ಚಿ ಓಣಿಯ ಉದ್ದಕ್ಕೂ ಎಳೆದು ಕಟ್ಟಿರುತ್ತಿದ್ದರು. ಅದರ ಮೇಲೆ ಸೈಕಲ್ ಹಾಯಿಸಿದರೆ ಇಳಕಲ್ಲಿನಲ್ಲಿ ಮುಂದೆ ಯಾರೂ ನನಗೆ ನೀರು ಕೊಡುತ್ತಿರಲಿಲ್ಲ.

ಆದ್ದರಿಂದ ದಿನಾ ತಡ. ನನ್ನದಿನ್ನೂ ಕಾಯಂ ಆಗದ ಕೆಲಸ; ವರ್ಷದ ಕೊನೆಗೆ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದು ಹಾಜರಿ ಪುಸ್ತಕ ನೋಡಿಯೇ ಮುಂದಿನದು. ಹೆಡ್ ಮಾಸ್ತರರು ನನ್ನ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುವಾಗ ನನಗಿಂತ ಹೆಚ್ಚು ಸಂಕಟಪಡುತ್ತಿದ್ದರು. "ನಾ ಕೆಟ್ಟಂವ ಅಲ್ಲವಾ. ಆದ್ರ ಗಡಿಯಾರಕ್ಕ ನೀ ಯಾರ ಸೊಸಿ ಅಂತ ಗೊತ್ತಾಗೂದಿಲ್ಲ. ಹಿಂಗ ಆದ್ರ ಸಾಹೇಬರು ನಿನ್ನ ಮನಿಗೆ ಕಳಸ್ತಾರ" ಎಂದರು. ಕರಿಹಲಗೆಯ ಮುಂದೆ ನಿಂತಾಗ ನಾನು ಯಾರ ಮಗಳೂ ಅಲ್ಲ, ಯಾರ ಸೊಸೆಯೂ ಅಲ್ಲ, ಬರೀ ಮಕ್ಕಳ ಅಕ್ಕೋರು. ಆ ಸುಖ ಹೋಗುತ್ತದೆಂದರೆ ನನಗೆ ಅನ್ನ ಸೇರುತ್ತಿರಲಿಲ್ಲ.

ಅಂದು ಸಂಜೆ ಅಡುಗೆಮನೆಯಲ್ಲಿ ಅತ್ತೆಯವರ ಮುಂದೆ ಹಾರಾಡಿದೆ. ಹೊರಗಿನ ಪಡಸಾಲೆಯಲ್ಲಿ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ ಮಾವನವರಿಗೆ ಕೇಳಲಿ ಎಂದೇ ಹಾರಾಡಿದೆ. ಅವರು ನನ್ನೊಡನೆ ಮಾತಾಡುತ್ತಿರಲಿಲ್ಲ. ಜಗಳವಲ್ಲ, ಆ ಮನೆಯ ರಿವಾಜು. ಮಾವ ಸೊಸೆಯನ್ನು ನೇರ ಮಾತಾಡಿಸಬಾರದು. ನೀರು ಬೇಕಾದರೆ ಮಗ್ಗದ ಕಂಬಕ್ಕೆ, "ಯಾರರ ಒಂದು ತಂಬಿಗಿ ನೀರು ಕೊಟ್ರ ಭಾಳ ಚೊಲೊ" ಅನ್ನುವರು. ನಾನು ತಂದಿಟ್ಟು, "ಇಟ್ಟೇನ್ರಿ" ಎಂದು ತಂಬಿಗೆಗೆ ಹೇಳುವೆ. ನಾಲ್ಕು ವರ್ಷ ಆ ಕಂಬ ನಮ್ಮಿಬ್ಬರ ಮಾತನ್ನು ಹೊತ್ತಿತ್ತು.

ನನ್ನ ಹಾರಾಟ ಮುಗಿದ ಮೇಲೆ ಮಗ್ಗದ ಲಾಳಿಯ ಸದ್ದು ನಿಂತಿತು. ಮಾವನವರು ಕಂಬಕ್ಕೆ ಕೇಳಿದರು: "ಹಿರ್ಯಾರು ನೋಡಿದ್ರ ಇಳೀಬೇಕು, ಖರೆ. ನೋಡದ ಇದ್ದವ್ರಿಗೆ ಯಾಕ ಇಳೀಬೇಕು?"

ಮರುದಿನ ಮುಂಜಾನೆ ದಾರಿಯಲ್ಲಿ ಒಬ್ಬ ಅಜ್ಜನೂ ಎದುರಾಗಲಿಲ್ಲ. ಮಠದ ಎದುರಿನ ಕಟ್ಟೆ ಹತ್ತಿರ ಬಂದಾಗ ನನಗೆ ಕಂಡದ್ದು ಸಾಲಾಗಿ ಹದಿನೈದು ಬೆನ್ನುಗಳು. ಹದಿನಾಲ್ಕು ಹಿರಿಯರೂ, ನಡುವೆ ನಮ್ಮ ಮಾವನವರೂ, ರಸ್ತೆಗೆ ಬೆನ್ನು ಕೊಟ್ಟು ಕಟ್ಟೆಯ ಹಿಂದಿನ ಗೋಡೆ ನೋಡುತ್ತ ಕೂತಿದ್ದರು. ಆ ಗೋಡೆಯ ಮೇಲೆ ಇದ್ದದ್ದಾದರೂ ಏನು? ಕುಟುಂಬ ಯೋಜನೆಯ ಜಾಹೀರಾತಿನ ದೊಡ್ಡ ಕೆಂಪು ತ್ರಿಕೋನ. ಒಂಬತ್ತು ಮಕ್ಕಳ ತಂದೆಯೊಬ್ಬರು ಅದರ ಎದುರಿಗೇ ಸಿಕ್ಕಿಬಿದ್ದಿದ್ದರು. ನನಗೆ ನಗು ತಡೆಯಲಾಗದೆ ಹ್ಯಾಂಡಲ್ ತೂರಾಡಿತು.

ಮೊದಮೊದಲು ಅವರಿಗೊಂದು ತೊಡಕಾಯಿತು. ನಾನು ದಾಟಿ ಹೋದದ್ದು ಗೊತ್ತಾಗುವುದು ಹೇಗೆ? ಬೇಗ ತಿರುಗಿದರೆ ನನ್ನನ್ನು ನೋಡಿಬಿಟ್ಟಾರು. ಮಾವನವರು ಕಂಬದ ಮೂಲಕ ಫರ್ಮಾನು ಹೊರಡಿಸಿದರು: ಬರುವಾಗ ಸೈಕಲ್ಲಿನ ಘಂಟೆ ಒಂದು ಸಲ, ದಾಟಿದ ಮೇಲೆ ಎರಡು ಸಲ. ಒಂದು ಘಂಟೆಗೆ ಪಟಗ ಸುತ್ತಿದ ಹದಿನೈದು ತಲೆಗಳು ಗೋಡೆಯ ಕಡೆ ತಿರುಗುತ್ತಿದ್ದವು, ಎರಡು ಘಂಟೆಗೆ ರಸ್ತೆಯ ಕಡೆ. ಕೆಂಪು ಗೆರೆಗಳು ನಿಂತವು. ನಾನು ಇಳಿಜಾರಿನಲ್ಲಿ ಹ್ಯಾಂಡಲ್ ಬಿಟ್ಟು ಕೈ ಚಾಚುವ ಮಟ್ಟಕ್ಕೆ ಬಂದೆ. ಗಾಳಿ ಹೊಕ್ಕು ಸೆರಗು ಬೆನ್ನ ಹಿಂದೆ ಹಾರಿದಾಗ ಜೋಳದ ಹೊಲದ ಹೆಣ್ಣಾಳುಗಳು ಕುಡುಗೋಲು ಎತ್ತಿ ಕೂಗುತ್ತಿದ್ದರು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಗಂಡನಿಗೆ ಇದನ್ನು ಹೇಳಿದ್ದೇನೆ, ಅವರೂ ನಕ್ಕಿದ್ದಾರೆ.

ತಪಾಸಣೆಯ ದಿನ ಬಂತು. ಹಿಂದಿನ ದಿನ ಮಾವನವರು ಹೊಸ ಸೀರೆಯೊಂದನ್ನು ಕಂಬದ ಬುಡದಲ್ಲಿಟ್ಟು, "ಸಾಹೇಬರು ಬರೂ ದಿನ ಯಾರರ ಉಡಲಿ" ಅಂದಿದ್ದರು. ಎಂಟು ದಿನ ಕೂತು ನೇಯ್ದ ಸೀರೆ. ಕಪ್ಪು ಒಡಲು, ಅಂಚಿಗೆ ಅಂಗೈ ಅಗಲದ ಕೆಂಪು ದಡಿ. ಉಟ್ಟುಕೊಂಡು ಹೊರಟೆ. "ಇವತ್ತ ತಡಾ ಮಾಡಿದ್ರ ನನ್ನ ಕೈಯಾಗ ಏನೂ ಇಲ್ಲ" ಎಂದು ಹೆಡ್ ಮಾಸ್ತರರು ಮೊದಲೇ ಹೇಳಿದ್ದರು.

ಕಟ್ಟೆಯ ಹತ್ತಿರ ಒಂದು ಘಂಟೆ ಹೊಡೆದೆ. ಬೆನ್ನುಗಳು ತಿರುಗಿದವು. ಸರಿಯಾಗಿ ಅವರ ಹಿಂದೆ ಬಂದಾಗ ಹೊಸ ದಡಿಯನ್ನು ಚೈನು ಕಚ್ಚಿತು. ನಾನು, ಸೈಕಲ್ಲು, ರೊಟ್ಟಿಯ ಡಬ್ಬಿ, ಮೂವರೂ ಮೂರು ಕಡೆ ಬಿದ್ದೆವು.

ದಾಟಿದ ಎರಡು ಘಂಟೆಗೆ ಕಾಯುತ್ತಿದ್ದ ಹಿರಿಯರು ತಿರುಗುವಂತಿಲ್ಲ. ಒಬ್ಬರು ತ್ರಿಕೋನಕ್ಕೆ, "ಬಿದ್ದಳೇನೋ" ಅಂದರು. ಇನ್ನೊಬ್ಬರು, "ಸಪ್ಪಳಾ ದೊಡ್ಡದಾತಲ್ಲ, ಪೆಟ್ಟಾಗಿರಬೇಕು" ಎಂದು ಗೋಡೆಗೇ ಮರುಗಿದರು. ನಾನು ಸೀರೆ ಜಗ್ಗಿದೆ, ಬರಲಿಲ್ಲ. ಚೈನಿನೊಳಗೆ ದಡಿ ಎರಡು ಸುತ್ತು ಸುತ್ತಿಕೊಂಡಿತ್ತು. ಬಿಡಿಸುತ್ತ ಕೂತರೆ ಶಾಲೆಯ ಆಸೆ ಬಿಡಬೇಕು, ಹರಿದರೆ ಎಂಟು ದಿನದ ನೇಯ್ಗೆ. ಅದನ್ನು ನೇಯ್ದವರು ಅಲ್ಲೇ ಕೂತಿದ್ದಾರೆ. ಅಳು ಬಂತು, ಅತ್ತುಬಿಟ್ಟೆ.

ಆಗ ನಡುವಿನ ಬೆನ್ನು ಎದ್ದು ತಿರುಗಿತು. ಮಾವನವರು ಕಟ್ಟೆಯಿಳಿದು ಬಂದು ನನ್ನ ಮುಖವನ್ನೇ ನೋಡಿ, "ಪೆಟ್ಟಾತೇನವಾ?" ಅಂದರು. ಕಂಬಕ್ಕಲ್ಲ, ನನಗೆ. ನಾನು ತಲೆಯಾಡಿಸಿ ದಡಿ ತೋರಿಸಿದೆ. ಅವರು ಸೊಂಟದಿಂದ ನೂಲು ಕತ್ತರಿಸುವ ಕತ್ತರಿ ತೆಗೆದರು, ಒಂದು ಕ್ಷಣವೂ ತಡೆಯದೆ ತಾವೇ ನೇಯ್ದ ದಡಿಯನ್ನು ಗೇಣುದ್ದ ಕಚಕ್ಕೆಂದು ಕತ್ತರಿಸಿದರು. ಸೈಕಲ್ ಎತ್ತಿ ಕಟ್ಟೆಯ ಮೆಟ್ಟಿಲಿಗೆ ಹಚ್ಚಿ ಹಿಡಿದರು. "ಹತ್ತು. ದಾಟಿದ ಮ್ಯಾಲ ಘಂಟಿ ಹೊಡಿ, ಪಾಪ ಮುದುಕರ ಕುತ್ತಿಗಿ ಹಿಡದಾವು" ಅಂದರು.

ಎರಡು ಘಂಟೆಯೆಲ್ಲಿ, ಶಾಲೆ ಮುಟ್ಟುವವರೆಗೂ ಹೊಡೆಯುತ್ತಲೇ ಹೋದೆ. ಹತ್ತಕ್ಕೆ ಎರಡು ನಿಮಿಷವಿತ್ತು. ಸಾಹೇಬರು ಹಾಜರಿ ಪುಸ್ತಕ ನೋಡಿದರು, ನನ್ನ ಪಾಠ ಕೇಳಿದರು, ಕತ್ತರಿಸಿದ ದಡಿಯನ್ನೂ ನೋಡಿದರು. ಕೆಲಸ ಕಾಯಂ ಆಯಿತು.

ಸಂಜೆ ಮನೆಗೆ ಬಂದಾಗ ಮಾವನವರು ಮಗ್ಗಕ್ಕೆ ಹೊಸ ನೂಲು ಹೂಡುತ್ತಿದ್ದರು. ಸುದ್ದಿ ಹೇಳಲು ಬಾಯಿ ತೆರೆದೆ, ಅವರು ತಲೆಯೆತ್ತಲಿಲ್ಲ. ಮನೆಯ ರಿವಾಜು ಮನೆಯಲ್ಲೇ ಇತ್ತು. ತಂಬಿಗೆಗೆ ಹೇಳಿದೆ: "ಕೆಲಸಾ ಗಟ್ಟಿ ಆತ್ರಿ."

ಮಾವನವರು ನೂಲಿನ ಎಳೆಗಳನ್ನು ನಾಲ್ಕು ಬೆರಳಿನಿಂದ ಅಳೆದು, ಒಂದು ಅಂಚಿನಿಂದ ಅಷ್ಟು ಅಗಲವನ್ನು ಕೈಬಿಟ್ಟರು. ಆಮೇಲೆ ಕಂಬಕ್ಕೆ ಹೇಳಿದರು: "ಈ ಸೀರಿ ನಾಕು ಬಟ್ಟು ಗಿಡ್ಡ ಹಿಡದೇನಿ. ಚೈನಿಗೆ ಮುಟ್ಟೂದಿಲ್ಲ."