ಶಹಾಬಾದ ಬಯಲಿನ ಐದನೆಯ ಪ್ಯಾರಾಚೂಟ್

ನಾನು ನಿಂತಿದ್ದದ್ದು ಶಹಾಬಾದ ಮತ್ತು ವಾಡಿಯ ನಡುವಿನ ಒಂದು ಬಯಲಿನ ಪಡುವಣ ಅಂಚಿನಲ್ಲಿ, ನೆಲಕ್ಕೆ ಹಾಸಿದ ಕಲ್ಲಿನ ಬಾಣದ ಪಕ್ಕದಲ್ಲಿ. ಕೆಲವು ವರ್ಷಗಳ ಹಿಂದಿನ ಮಾತು. ಯುಗಾದಿ ಕಳೆದಿತ್ತು, ಭಾನುವಾರ, ಸಂಜೆ ಐದೂವರೆ. ಸೂರ್ಯ ನನ್ನ ಬೆನ್ನ ಹಿಂದಿದ್ದ, ಆದ್ದರಿಂದ ಬಿಸಿಲಿಗೆ ಕಣ್ಣು ಕುಕ್ಕಿತು ಎಂದು ಹೇಳುವಂತಿಲ್ಲ. ಕನ್ನಡಕ ಹಾಕಿಕೊಂಡಿದ್ದೆ.

ಇಂಥ ಕತೆಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವನಲ್ಲ. ಮಳಖೇಡದ ಕೋಟೆಯಲ್ಲಿ ಏನೋ ಕಂಡೆವೆಂದ ಗೆಳೆಯರಿಗೆ, ಆ ಹೊತ್ತು ಹೊಟ್ಟೆಯಲ್ಲಿ ಏನಿತ್ತು ಎಂದು ಕೇಳಿ ನಗಿಸಿದವನು. ಈಗ ನೀವು ನನ್ನನ್ನು ಹಾಗೇ ಕೇಳಿದರೆ ನನಗೆ ಬೇಸರವಿಲ್ಲ. ಅಂದು ನಾನು ತಿಂದದ್ದು ಎರಡು ಜೋಳದ ರೊಟ್ಟಿ, ಪುಂಡಿಪಲ್ಯ.

ನಾನು ವಿಮಾನಗಳ ಎಂಜಿನ್ ನೋಡಿಕೊಳ್ಳುವ ಕೆಲಸ ಮಾಡಿದವನು. ನಿವೃತ್ತನಾಗಿ ಊರ ಕಡೆ ಬಂದಾಗ ಕೆಲವರು ಸೇರಿ, ಆಕಾಶದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವುದನ್ನು ಕಲಿಸುವ ಒಂದು ಸಣ್ಣ ಶಾಲೆ ತೆರೆದೆವು. ವಿಮಾನ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಮುಂದೆ ಎರಡು ವಿಮಾನಗಳಿದ್ದವು. ಎರಡೂ ಒಂದೇ ಎಂಜಿನ್ನಿನ, ಆರು ಸೀಟಿನವು. ಒಂದು ಸಾದಾ, ಇನ್ನೊಂದು ಟರ್ಬೊ. ಸಾದಾ ವಿಮಾನವೇ ಸಾಕು, ಟರ್ಬೊ ಎಂದರೆ ನಾಜೂಕು, ಸಾಕುವುದು ಕಷ್ಟ ಎಂದು ಎಲ್ಲರೂ ಹೇಳಿದರು. ನಾನು ನಮ್ಮ ಬೇಸಿಗೆಯನ್ನು ನೆನೆದೆ. ಇಲ್ಲಿ ಏಪ್ರಿಲ್ ತಿಂಗಳಲ್ಲಿ ಗಾಳಿ ಕಾದು ತೆಳುವಾಗುತ್ತದೆ. ಮೇಲೇರಿದಂತೆ ಸಾದಾ ಎಂಜಿನ್ನಿಗೆ ಉಸಿರು ಸಾಲದು. ಟರ್ಬೊ ಎಂಜಿನ್ ತಾನು ಬಿಟ್ಟ ಬಿಸಿ ಹೊಗೆಯಿಂದಲೇ ಒಂದು ಪುಟ್ಟ ಚಕ್ರ ತಿರುಗಿಸಿ, ಆ ಚಕ್ರದಿಂದ ಗಾಳಿಯನ್ನು ಒತ್ತಿ ಒಳಗೆಳೆದುಕೊಳ್ಳುತ್ತದೆ. ಹಟ ಹಿಡಿದು ಅದನ್ನೇ ತಂದೆ. ಹಿಂದಿನ ಸೀಟುಗಳನ್ನು ಬಿಚ್ಚಿ, ಬಾಗಿಲು ಕಳಚಿ, ನಾಲ್ಕು ಜನ ನೆಲದ ಮೇಲೆ ಕೂರುವಂತೆ ಮಾಡಿದೆವು.

ಅದಕ್ಕೆ ಎರಡು ಕಟ್ಟುಪಾಡು. ಜನ ಜಿಗಿದ ಮೇಲೆ ವಿಮಾನ ಗಿಡುಗನ ಹಾಗೆ ಎರಗಿ ಬರಬಾರದು. ಕಾದ ಎಂಜಿನ್ ಒಮ್ಮೆಲೇ ತಣಿದರೆ ಬಿರುಕು ಬಿಡುತ್ತದೆ. ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತ, ಸುತ್ತುತ್ತ ನಿಧಾನ ಇಳಿಯಬೇಕು. ಇಳಿದ ಮೇಲೂ ಎಂಜಿನ್ನನ್ನು ಕೂಡಲೇ ಆರಿಸದೆ, ಆ ಚಕ್ರ ತಣಿಯುವವರೆಗೆ ಮೆಲ್ಲಗೆ ಓಡಲು ಬಿಡಬೇಕು. ನಮ್ಮ ಪೈಲಟ್ ಸುಭಾಷ ಸರ್ ಇವೆರಡನ್ನೂ ಪೂಜೆಯಂತೆ ಪಾಲಿಸುತ್ತಿದ್ದರು. ಈ ಕಟ್ಟುಪಾಡು ಇರದಿದ್ದರೆ ನಾನು ಹೇಳಲಿರುವುದನ್ನು ಅವರು ಮೇಲಿನಿಂದ ನೋಡುತ್ತಲೇ ಇರಲಿಲ್ಲ.

ಇನ್ನು ಬಾಣದ ಮಾತು. ಪ್ಯಾರಾಚೂಟಿನಲ್ಲಿ ಇಳಿಯುವವರು ಗಾಳಿಗೆ ಎದುರಾಗಿ ಇಳಿಯಬೇಕು, ಆಗಲೇ ವೇಗ ತಗ್ಗುವುದು. ಅದಕ್ಕಾಗಿ ನೆಲದ ಮೇಲೆ, ಯಾವ ಕಡೆ ಮುಖ ಮಾಡಿ ಇಳಿಯಬೇಕೆಂದು ತೋರಿಸುವ ಒಂದು ದೊಡ್ಡ ಬಾಣ ಇಡುತ್ತಾರೆ, ಗಾಳಿ ತಿರುಗಿದರೆ ಬಾಣವನ್ನೂ ತಿರುಗಿಸುತ್ತಾರೆ. ಎಲ್ಲ ಕಡೆ ಅದನ್ನು ಹಲಗೆಯಲ್ಲೋ ಬಟ್ಟೆಯಲ್ಲೋ ಮಾಡುತ್ತಾರೆ. ನಮ್ಮದು ಶಹಾಬಾದ. ಇಲ್ಲಿ ಮನೆಯ ನೆಲ ಕಲ್ಲು, ಮಾಡು ಕಲ್ಲು, ಹೊಲದ ಬೇಲಿ ಕೂಡ ಕಲ್ಲು. ಕಲ್ಲಿನ ಪಾಲಿಶ್ ಕಾರ್ಖಾನೆಯ ಮಸ್ತಾನಸಾಬರು ಗೆಳೆತನಕ್ಕೆಂದು ಬಿಳಿ ಬಣ್ಣ ಹೊಡೆದ ಫರಸಿ ಕಲ್ಲುಗಳನ್ನು ತಂದು, ಸಿಮೆಂಟು ಹಾಕಿ, ಬಾಣವನ್ನು ಪಡುವಣಕ್ಕೆ ಮುಖ ಮಾಡಿ ಕೂಡಿಸಿಬಿಟ್ಟರು.

"ಗಾಳಿ ತಿರುಗಿದ್ರ ಏನ್ ಮಾಡ್ಬೇಕ್ರಿ ಮಸ್ತಾನಸಾಬ್ರ?" ಎಂದು ಕೇಳಿದ್ದೆ.

"ಬ್ಯಾಸಗ್ಯಾಗ ನಮ್ಮ ಕಡಿ ಗಾಳಿ ಎಲ್ಲಿ ತಿರುಗ್ತದ್ರಿ ಇಂಜಿನಿಯರ್ ಸಾಬ್ರ? ಗಾಳಿ ತಿರುಗಬಹುದು, ನನ್ನ ಕಲ್ಲು ತಿರುಗಂಗಿಲ್ಲ ನೋಡ್ರಿ" ಎಂದು ಅವರು ನಕ್ಕರು. ನಾವೂ ನಕ್ಕೆವು. ಬೇಸಿಗೆಯಿಡೀ ಗಾಳಿ ಪಡುವಣದಿಂದಲೇ ಬೀಸಿತ್ತು ಕೂಡ.

ಆ ಭಾನುವಾರ ಜಿಗಿಯಬೇಕಾಗಿದ್ದವರು ನಾಲ್ವರು: ಮೂವರು ಕಲಿಯುವವರು, ಕೊನೆಯಲ್ಲಿ ತರಬೇತುದಾರ ಸಂಗಮೇಶ. ಕಲಿಯುವವರಲ್ಲಿ ಒಬ್ಬಳು ನನ್ನ ಅಕ್ಕನ ಮಗಳು ಜಗದೇವಿ. ಅಲ್ಲಿಯವರೆಗೆ ಅವರ ಕಿವಿಗೆ ರೇಡಿಯೊ ಕಟ್ಟಿ, ನೆಲದಿಂದ ಹೇಳುತ್ತ ಇಳಿಸುತ್ತಿದ್ದೆವು. ಅಂದು ಮೊದಲ ಬಾರಿ ರೇಡಿಯೊ ಇಲ್ಲದೆ ತಾವೇ ನೋಡಿಕೊಂಡು ಇಳಿಯಬೇಕು. ಅಕ್ಕ ಚಂದಾಪುರದಿಂದ ಬೆಳಿಗ್ಗೆಯೇ ಫೋನು ಮಾಡಿದ್ದಳು. "ಅಕಿ ಕೈಕಾಲಿಗಿ ಏನರ ಆತಂದ್ರ ನನ್ನ ಬಾಗಿಲ ತುಳೀಬ್ಯಾಡ" ಎಂದಷ್ಟೇ ಹೇಳಿ ಇಟ್ಟಳು.

ನಾನು ಅವರಿಗೆ ಎರಡು ಮಾತು ಹೇಳಿ ಕಳಿಸಿದೆ. ಬಾಣ ನೋಡಿ ಇಳಿಯಿರಿ. ಆದರೆ ನಿಮಗಿಂತ ಕೆಳಗಿದ್ದವರು ಯಾವ ದಿಕ್ಕಿಗೆ ಇಳಿಯುತ್ತಾರೋ ಎಲ್ಲರೂ ಅದೇ ದಿಕ್ಕಿಗೆ ಇಳಿಯಿರಿ, ಇಲ್ಲವಾದರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತೀರಿ. ಈ ಎರಡನೆಯ ಮಾತು ಜಿಗಿಯುವವರ ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡದು.

ವಿಮಾನ ಆ ಸುಡುವ ಗಾಳಿಯಲ್ಲಿ ಒಂದೇ ಉಸಿರಿಗೆ ಏರಿತು. ಸದ್ದು ಎಲ್ಲೂ ಸೋಲಲಿಲ್ಲ. ನನ್ನ ಆಯ್ಕೆಗೆ ನಾನೇ ಹಿಗ್ಗಿದೆ. ಆಗಲೇ ನನ್ನ ಮುಖಕ್ಕೆ ತಂಪು ಗಾಳಿ ತಾಗಿತು. ಮುಖ ಇದ್ದದ್ದು ಮೂಡಣಕ್ಕೆ. ಸೇಡಂ ಕಡೆ ಮೋಡ ಕಟ್ಟಿ, ಅಲ್ಲಿಂದ ಗಾಳಿ ಬರತೊಡಗಿತ್ತು, ಜೋರಾಗಿಯೇ. ವಿಮಾನಕ್ಕೆ ರೇಡಿಯೊದಲ್ಲಿ ಹೇಳುವಷ್ಟರಲ್ಲಿ ಸುಭಾಷ ಸರ್ ಉತ್ತರಿಸಿದರು: ನಾಲ್ವರೂ ಜಿಗಿದಾಗಿತ್ತು.

ಬಾಣ ಪಡುವಣ ತೋರಿಸುತ್ತಿತ್ತು. ಅದನ್ನು ನಂಬಿದವರು ಗಾಳಿಯ ಬೆನ್ನೇರಿ, ನೆಲ ಮುಟ್ಟಲಾಗದೆ, ನನ್ನ ತಲೆಯ ಮೇಲಿಂದ ಹಾಯ್ದು ಹಿಂದಿನ ಕಲ್ಲಿನ ಖಣಿಗಳಿಗೆ ಬೀಳುತ್ತಿದ್ದರು. ಮೂರಾಳು ಆಳದ, ಅಂಚು ಕತ್ತರಿಸಿದಂತಿರುವ ಖಣಿಗಳು ಅವು. ಮಸ್ತಾನಸಾಬರು ಓಡಿ ಬಂದು ಬಾಣದ ತುದಿಯ ಕಲ್ಲಿಗೆ ಹಾರೆ ಹಾಕಿ ಮೀಟಿದರು. ಅವರದೇ ಕೆಲಸ, ಅಲುಗಲಿಲ್ಲ. ನಾನು ಅಂಗಿ ಬಿಚ್ಚಿ ಬೀಸಿದೆ. ಅಷ್ಟು ಎತ್ತರಕ್ಕೆ ಅದು ಕಾಣುವುದಿಲ್ಲವೆಂದು ಗೊತ್ತಿತ್ತು.

ಮೇಲೆ ನಾಲ್ಕು ಪ್ಯಾರಾಚೂಟುಗಳು ಬಿಚ್ಚಿಕೊಂಡವು: ಕೆಂಪು, ಹಳದಿ, ನೀಲಿ, ಮತ್ತೊಂದು ಕೆಂಪು. ಅವನ್ನು ನೋಡಿ ಕಣ್ಣು ತಗ್ಗಿಸಿದೆ. ಅವುಗಳ ಕೆಳಗೆ ಇನ್ನೊಂದು ಇತ್ತು. ಅದು ಬಿಚ್ಚಿಕೊಂಡದ್ದನ್ನು ನಾನು ನೋಡಲಿಲ್ಲ. ಬಣ್ಣ ಪಾಲಿಶ್ ಮಾಡದ ಫರಸಿಯ ಬೂದು. ಕೆಳಗೆ ಒಬ್ಬ ಮನುಷ್ಯ ಜೋತಾಡುತ್ತಿದ್ದ. ಗಂಡಸೋ ಹೆಂಗಸೋ ಹೇಳಲಾರೆ.

"ನಾಕ್ ಮಂದಿ ಅಂದಿದ್ರಲ್ರಿ?" ಎಂದರು ಮಸ್ತಾನಸಾಬರು, ಹಾರೆ ಹಿಡಿದುಕೊಂಡೇ.

"ನಾಕೇ."

"ಹಾಂಗಾರ ಕೆಳಗಿಂದು ಯಾರ್ದು?"

ಆ ಬೂದು ಪ್ಯಾರಾಚೂಟ್ ಬಾಣವನ್ನು ಲೆಕ್ಕಿಸಲಿಲ್ಲ. ಖಣಿಗಳ ಅಂಚಿನ ಮೇಲೆ ಹೋಗಿ, ಅಲ್ಲಿಂದ ಸಾವಕಾಶ ಮೂಡಣಕ್ಕೆ ತಿರುಗಿ, ಗಾಳಿಗೆ ಎದೆ ಕೊಟ್ಟು ಬಯಲಿನ ಕಡೆ ಇಳಿಯತೊಡಗಿತು. ಅದರ ಮೇಲಿದ್ದ ಹಳದಿ ತಿರುಗಿತು. ನೀಲಿ ತಿರುಗಿತು. ಎರಡು ಕೆಂಪೂ ತಿರುಗಿದವು. ಹಳದಿ ಜಗದೇವಿಯದು, ನಾನು ಅದನ್ನೇ ನೋಡುತ್ತಿದ್ದೆ. ಗಾಳಿಗೆದುರಾಗಿ ಎಷ್ಟು ಮೆಲ್ಲಗೆ ಬಂದಳೆಂದರೆ, ಎರಡು ಹೆಜ್ಜೆ ನಡೆದು ನಿಂತಳು. ಒಬ್ಬೊಬ್ಬರಾಗಿ ನಾಲ್ವರೂ ಹಾಗೆಯೇ ನಿಂತೇ ಇಳಿದರು. ಯಾರ ಮೊಳಕಾಲಿಗೂ ಮಣ್ಣಾಗಲಿಲ್ಲ. ಬೇಲಿಯಾಚೆ ನೆರೆದಿದ್ದ ಮಂದಿ ಸಿಳ್ಳೆ ಹೊಡೆದರು. ಮಸ್ತಾನಸಾಬರು ಹಾರೆ ಎಸೆದು ನನ್ನನ್ನು ಎತ್ತಿಯೇಬಿಟ್ಟರು. ನಾನು ಅಳುತ್ತ ನಗುತ್ತಿದ್ದೆ. ಅಷ್ಟು ಸಂತೋಷವನ್ನು ನಾನು ಮತ್ತೆ ಕಂಡಿಲ್ಲ.

ಬೂದು ಪ್ಯಾರಾಚೂಟ್ ನೆಲ ಮುಟ್ಟಿದ್ದನ್ನು ನಾನು ನೋಡಿಲ್ಲ. ನನ್ನ ಕಣ್ಣು ಹಳದಿಯ ಮೇಲಿತ್ತು. ತಿರುಗಿ ನೋಡಿದಾಗ ಬಯಲಿನಲ್ಲಿ ನಾಲ್ಕೇ ಇದ್ದವು.

ಜಗದೇವಿ ಪ್ಯಾರಾಚೂಟ್ ಸುತ್ತಿ ಹೆಗಲಿಗೆ ಹಾಕಿಕೊಂಡು ಬಂದಳು. "ಮಾಮಾ, ಮೊದಲ ಇಳದವರು ಯಾರು? ಬಾಣ ಒಂದ್ ಕಡಿ ತೋರ್ಸಲತ್ತಿತ್ತು, ಅವರು ಇನ್ನೊಂದ್ ಕಡಿ ಹೊಂಟಿದ್ರು. ನೀನೇ ಹೇಳಿದ್ದಿ ಕೆಳಗಿನವರ ಹಿಂದ ಹೋಗಂತ. ಹ್ವಾದೆ."

ಅಷ್ಟರಲ್ಲಿ ವಿಮಾನ ಇಳಿದು ನಿಂತಿತು. ಸುಭಾಷ ಸರ್ ಅಂದೂ ಎಂಜಿನ್ ಆರಿಸಲಿಲ್ಲ, ಚಕ್ರ ತಣಿಯಬೇಕು. ಆ ಸದ್ದಿನಲ್ಲಿ ಮಾತು ಕೇಳದು. ನಾನು ನಾಲ್ಕು ಬೆರಳು ಎತ್ತಿ, ಎಲ್ಲರೂ ಕ್ಷೇಮ ಎಂದು ನಕ್ಕೆ. ಅವರು ತಲೆ ಅಲ್ಲಾಡಿಸಿ, ಕಿಟಕಿಯಿಂದ ಅಂಗೈ ಹೊರಚಾಚಿ ಐದೂ ಬೆರಳು ತೋರಿಸಿದರು. ಎಂಜಿನ್ ತಣಿಯುವವರೆಗೆ ಆ ಕೈ ಹಾಗೇ ಇತ್ತು.

ಕತ್ತಲಾಗುವವರೆಗೆ ಬಯಲು ಹುಡುಕಿದೆವು. ಆಗಷ್ಟೇ ಹರಗಿ ಸಡಿಲಾಗಿಸಿದ ಕರಿಮಣ್ಣು, ಕೋಳಿ ನಡೆದರೂ ಗುರುತು ಬೀಳುತ್ತದೆ. ನಾಲ್ವರ ಹೆಜ್ಜೆಗಳಷ್ಟೇ ಇದ್ದವು. ಖಣಿಗಳನ್ನೂ ನೋಡಿದೆವು. ಕಲ್ಲಿನ ಲಾರಿಗೆ ಹೊದಿಸುವ ತಾಡಪಾಲು ಗಾಳಿಗೆ ಹಾರಿರಬಹುದೆಂದು ಕೆಲವರು ಅಂದರು. ನಾನು ಮರುದಿನ ಒಂದು ತಾಡಪಾಲನ್ನು ಗಾಳಿಗೆ ಬಿಟ್ಟು ನೋಡಿದೆ. ಗಾಳಿ ಒಯ್ದ ಕಡೆ ಹೋಯಿತು, ಗಾಳಿಗೆದುರು ತಿರುಗಲಿಲ್ಲ.

ಈಗ ನಮ್ಮ ಬಾಣ ಹಲಗೆಯದು, ಕಬ್ಬಿಣದ ಗೂಟದ ಮೇಲೆ ತಿರುಗುತ್ತದೆ. ಶಾಲೆ ನಡೆಯುತ್ತಿದೆ, ಟರ್ಬೊ ಇನ್ನೂ ಅದೇ ಉಸಿರಿನಲ್ಲಿ ಏರುತ್ತದೆ. ಆ ಭಾನುವಾರದ ಮರುವಾರ ಅಕ್ಕ ಶೇಂಗಾ ಹೋಳಿಗೆ ಕಳಿಸಿದಾಗ ಜಿಗಿದವರಿಗೆಂದು ಐದು ಪೊಟ್ಟಣ ಕಟ್ಟಿದ್ದಳು. "ಅಂವ ಯಾರರ ಇರ್ಲಿ, ನನ್ನ ಮಗಳಿಗಿ ದಾರಿ ತೋರ್ಸ್ಯಾನ" ಎಂದಳಂತೆ. ಐದನೆಯದನ್ನು ಯಾರೂ ಬಿಚ್ಚಲಿಲ್ಲ.

ಮಸ್ತಾನಸಾಬರು ಹೋದ ವರ್ಷ ತೀರಿಕೊಂಡರು. ಬೇಲಿಯಾಚೆ ನೆರೆದಿದ್ದ ಮಂದಿಯನ್ನು ಬಿಟ್ಟರೆ, ಆ ಬೂದು ಪ್ಯಾರಾಚೂಟನ್ನು ಕಣ್ಣಾರೆ ನೋಡಿ ಇವತ್ತಿಗೂ ಬದುಕಿರುವವರು: ನಾನು, ವಾಡಿಯಲ್ಲಿರುವ ಪೈಲಟ್ ಸುಭಾಷ ಸರ್, ಚಿತ್ತಾಪುರದ ಸಂಗಮೇಶ, ಅಂದು ಜಿಗಿದ ಇನ್ನಿಬ್ಬರು, ಚಂದಾಪುರದ ಜಗದೇವಿ, ಈಗ ಆಕೆಯೇ ಕಲಿಸುತ್ತಾಳೆ. ಆ ಐದನೆಯ ಪ್ಯಾರಾಚೂಟಿನವರು ಬದುಕಿದ್ದಾರೆಯೇ ಎಂಬುದು ನನಗೆ ಗೊತ್ತಿಲ್ಲ.