ನನ್ನ ಬಣ್ಣದ್ದಲ್ಲದ ಮುಲಾಮು

ಕಂಪ್ಲಿಯ ಗದ್ದೆಯ ಬದುವಿನಲ್ಲಿ ನಿಂತು, ಭತ್ತ ನಾಟಿ ಮಾಡುವ ಹೆಂಗಸರೊಂದಿಗೆ ಸಮಾನ ಕೂಲಿಯ ಕುರಿತು ಮಾತನಾಡುತ್ತಿದ್ದಾಗ ಮೊದಲ ಬಾರಿ ಕೆನ್ನೆಗಳು ಉರಿದವು. ಬಿಸಿಲೆಂದುಕೊಂಡೆ. ವಾರದೊಳಗೆ ಮೂಗಿನ ಎರಡೂ ಬದಿ ಮಚ್ಚೆ ಹರಡಿತು. ಬೆರಳ ಗಂಟುಗಳು ಊದಿದವು.

ಲೂಪಸ್. ಮೈಯ ಕಾವಲು ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ.

"ಬಿಸಿಲೇ ನಿಮಗ ವಿಷ," ಎಂದರು ಬಳ್ಳಾರಿಯ ಡಾಕ್ಟರಮ್ಮ. "ಮಾತ್ರೆ ತಪ್ಪಿಸಬ್ಯಾಡ್ರಿ. ಈ ಸನ್‌ಸ್ಕ್ರೀನ್ ಹಚ್ಕೊಳ್ದ ಹೊರಗ ಹೋಗಬ್ಯಾಡ್ರಿ."

ಟ್ಯೂಬಿನ ಮೇಲೆ 'ಸ್ಕಿನ್ ಕಲರ್' ಎಂದು ಅಚ್ಚಾಗಿತ್ತು. ಯಾರ ಸ್ಕಿನ್? ನನ್ನ ಕಪ್ಪು ಮುಖದ ಮೇಲೆ ಅದು ಗುಲಾಬಿ ಬೂದಿಯಂತೆ ಕುಳಿತಿತು. ಬಿಸಿಲಿನಲ್ಲಿ ದುಡಿಯುವವರ ಮೈಬಣ್ಣವನ್ನೇ ಮರೆತು ಬಿಸಿಲಿನ ಔಷಧ ತಯಾರಿಸುವುದು ಅನ್ಯಾಯ. ನಮ್ಮ ಹೊಸಪೇಟೆಯ ಮನೆಯಲ್ಲಿ ಇನ್ನೊಂದು ಅನ್ಯಾಯವಿತ್ತು. ಸೋದರತ್ತೆ ನನ್ನನ್ನು ಕಂಡು ಅರಳಿದರು: "ನೋಡಬೇ, ರೋಗ ಬಂದ್ರೂ ಬಣ್ಣ ತಂದೈತಿ! ಗಂಡಿನ ಕಡ್ಯಾರು ಬಂದಾಗ ಇದನ್ನ ಹಚ್ಕಂಡು ಕುಂದ್ರು."

ವೇದಿಕೆಗಳಲ್ಲಿ ಗುಡುಗುವ ನಾನು ಅಂದು ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು. ಟ್ಯೂಬನ್ನು ಬೀರುವಿಗೆ ಸೇರಿಸಿ ಒಳಗೇ ಉಳಿದೆ.

ಕಿಟಕಿಯಿಂದ ಕಾಲುವೆಯ ಒಂದು ತುಂಡು ಕಾಣುತ್ತಿತ್ತು. ಕೆಸರಿನ ವಾಸನೆ, ನಾಟಿಯವರ ಕುಚೋದ್ಯ, ಬೆನ್ನ ಮೇಲೆ ಕೈಯಿಟ್ಟಂತೆ ಬೀಳುವ ಬೆಳಗಿನ ಬಿಸಿಲು, ಎಲ್ಲವೂ ಅದರಾಚೆ ಇದ್ದವು. ಬಿಸಿಲಿಗಾಗಿ ಹೀಗೆ ಹಂಬಲಿಸಬಹುದೆಂದು ಈ ಸೀಮೆಯಲ್ಲಿ ಹುಟ್ಟಿದ ನನಗೆ ತಿಳಿದಿರಲಿಲ್ಲ.

ನಾನು ಒಳಗೇ ಕೂತದ್ದನ್ನು ಅವ್ವ ನೋಡಲಾರದೆ, ಹೊಸ್ತಿಲಿಗೆ ಬಳಿಯಲು ತಂದಿದ್ದ ಸಂಡೂರಿನ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ ಟ್ಯೂಬಿನ ಮುಲಾಮಿಗೆ ಕಲೆಸಿದಳು. ಬಣ್ಣ ನನ್ನದಾಯಿತು. ಮೂರನೆಯ ದಿನಕ್ಕೆ ಮುಖವೆಲ್ಲ ಕೀವುಗುಳ್ಳೆ.

"ಮುಖಾನೂ ಸಾರಿಸಿಬಿಟ್ರೇನ್ರಿ?" ಎಂದು ಗದರಿದ ಡಾಕ್ಟರಮ್ಮ, ಅವ್ವನ ಕಣ್ಣೀರು ಕಂಡು ಮೆತ್ತಗಾದರು. "ಮಣ್ಣು ತಪ್ಪು, ಯೋಚನೆ ಸರಿ ಐತಿ ನಿಮ್ದು. ಆ ಕೆಂಪು ಕಬ್ಬಿಣದ್ದು. ಶುದ್ಧ ಮಾಡಿದ್ದು ಸಿಗತೈತಿ."

ಗುಳ್ಳೆಗಳು ವಾಸಿಯಾದ ಮೇಲೆ ಆಸ್ಪತ್ರೆಯ ಕಾಂಪೌಂಡರ್ ಬಿಸಿಲು ತಡೆಯುವ ಜಿಂಕ್ ಮುಲಾಮಿಗೆ ಆ ಶುದ್ಧ ಪುಡಿಗಳ ಕೆಂಪು, ಹಳದಿ, ಚಿಟಿಕೆ ಕಪ್ಪು ಬೆರೆಸಿ ನನ್ನ ದವಡೆಯಂಚಿಗೆ ಹಚ್ಚಿ ನೋಡಿದರು. ಮೂರನೆಯ ಸಲ ಅದು ಚರ್ಮದಲ್ಲಿ ಕಾಣದಾಯಿತು.

ಉದ್ದ ತೋಳು, ಕೊಡೆ, ಗದ್ದೆಯಲ್ಲಿರಲು ಡಾಕ್ಟರಮ್ಮನ ಅರ್ಧ ಗಂಟೆಯ ಅನುಮತಿ. ಕಂಪ್ಲಿಗೆ ಹೋದೆ.

"ಯಕ್ಕಾ, ಆರಾಮಿಲ್ಲ ಅಂದ್ರು, ಹಂಗ ಅದೀಯಲ್ಲ!" ಎಂದಳು ನಾಟಿಯ ಗುಂಪಿನ ಹುಲಿಗೆಮ್ಮ, ಕೈಯಲ್ಲಿ ಸಸಿಯ ಕಟ್ಟು ಹಿಡಿದೇ. ರೋಗದ ಹೆಸರು ಹೇಳಿದೆ. ಮುಲಾಮಿನದ್ದೂ ಹೇಳಿದೆ. ಆಕೆ ಗದ್ದೆಯತ್ತ ತಿರುಗಿ ಕೂಗಿದಳು: "ಏಳ್ರೆವ್ವಾ, ಬೇವಿನ ನೆಳ್ಳಿಗೆ ಬರ್ರಿ. ಯಕ್ಕ ಬಿಸಿಲಾಗ ನಿಂದ್ರಂಗಿಲ್ಲ!"

ಅದುವರೆಗೆ ನಾಟಿಯ ದಿನ ಅವರು ಕೆಲಸದ ನಡುವೆ ನೆರಳಿಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಗದ್ದೆಯ ಮಾಲೀಕ ದೂರದಿಂದ ನೋಡಿದ. ನನ್ನ ಕಾಯಿಲೆಯ ಕಾರಣಕ್ಕೆ ಅವರನ್ನು ಕೆಲಸಕ್ಕೆ ಕೂಗಲಿಲ್ಲ. ಅರ್ಧ ಗಂಟೆ ನಾವೆಲ್ಲ ಕಾಲು ಚಾಚಿ ಕುಳಿತೆವು.