ಇಬ್ಬರು ಕಡಿಮೆ ಬಿದ್ದ ಸ್ಕೂಲು

ಬೆಳಿಗ್ಗೆ ಅಕ್ಕಿ ತೊಳೆಯುವಾಗ ದೊಡ್ಡ ಡಬರಿ ಕಡೆ ಕಣ್ಣು ಹೋಯಿತು. ಸ್ಕೂಲಿನ ಅಡಿಗೆಮನೆ ಮೂಲೆಯಲ್ಲಿ ಬೋರಲು ಬಿದ್ದಿದೆ. ನಾನು ಬಿಸಿಯೂಟ ಬೇಯಿಸೋಕೆ ಸೇರಿದಾಗ ಅದನ್ನ ಒಲೆಯಿಂದ ಇಳಿಸೋಕೆ ಇಬ್ಬರು ಬೇಕಾಗಿತ್ತು. ಹಾಜರಿ ಪುಸ್ತಕ ಓದೋದ್ರಲ್ಲಿ ನಾನು ತಡವರಿಸ್ತೀನಿ, ಆದರೆ ಅಕ್ಕಿ ನೋಡಿದ್ರೆ ಮಕ್ಕಳೆಷ್ಟು ಅಂತ ಹೇಳ್ತೀನಿ.

ಮೊದಲು ಜಮೀನಿದ್ದವರ ಮಕ್ಕಳು ಹನೂರಿನ ಇಂಗ್ಲಿಷ್ ಸ್ಕೂಲಿನ ವ್ಯಾನು ಹತ್ತಿದವು. ಆಮೇಲೆ ಅಂಗಡಿಯವರ ಮಕ್ಕಳು. ಉಳಿದದ್ದು ಕಾಡಂಚಿನ ಹಾಡಿ, ನಾವು ಪೋಡು ಅಂತೀವಲ್ಲ, ಅಲ್ಲಿನ ಸೋಲಿಗರ ಮಕ್ಕಳು, ಮನೇಲಿ ತಮಿಳು ಆಡೋ ಮೂರ್ನಾಲ್ಕು ಮಕ್ಕಳು. ನನ್ನ ಮೊಮ್ಮಗಳೂ ವ್ಯಾನಲ್ಲೇ ಹೋಗ್ತಿದ್ದಳು. ಅದು ತಪ್ಪು ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಹೋದ ವರ್ಷ ಬೇಸಿಗೆ ರಜ ಮುಗಿಯೋ ಹೊತ್ತಿಗೆ ಮೇಷ್ಟ್ರು ಬಂದು, "ಇನ್ನಿಬ್ಬರು ಸೇರದಿದ್ರೆ ಬೀಗ ಹಾಕ್ತಾರೆ ಕಣಮ್ಮ. ಮಕ್ಕಳೆಲ್ಲ ಕೌದಳ್ಳಿ ಸ್ಕೂಲಿಗೆ ನಡೀಬೇಕು" ಅಂದರು. ಆ ದಾರೀಲಿ ಆನೆ ದಾಟ್ತವೆ. ದೊಡ್ಡವರೇ ಗುಂಪಾಗಿ ಹೋಗೋ ಕಡೆ ಸಣ್ಣ ಕೂಸನ್ನ ಯಾರು ಕಳಿಸ್ತಾರೆ, ನೀವೇ ಹೇಳಿ.

ನಾನೂ ಮೇಷ್ಟ್ರೂ ಪೋಡಿಗೆ ಹೋದೆವು. ಅಲ್ಲಿನ ಮಾದಮ್ಮನಿಗೆ ತನ್ನ ಮಗಳ ವಯಸ್ಸೆಷ್ಟು ಅಂತ ಗೊತ್ತಿಲ್ಲ. ನಾನು ಹಳೇ ಕಾಲದ ಹಂಗೆ ಮಗುವಿನ ಬಲಗೈಯನ್ನ ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿಸಿದೆ. ಮುಟ್ಟಿತು, ಆರು ತುಂಬಿದೆ. "ಸೇರ್ಸಮ್ಮಿ" ಅಂದೆ.

ಮಾದಮ್ಮ ಎಲೆಅಡಿಕೆ ಉಗಿದು, "ನಿನ್ ಮೊಮ್ಮಗಳು ಎಲ್ಲಿಗೋಯ್ತಾಳಕ್ಕಾ?" ಅಂದಳು.

"ವ್ಯಾನ್ ಸ್ಕೂಲ್ಗೆ."

"ನೀ ಬೇಯ್ಸಿದ್ ಅನ್ನ ನಮ್ ಕೂಸಿಗಾಯ್ತದೆ, ನಿನ್ ಕೂಸಿಗಾಗಾಕಿಲ್ವಾ? ಅದು ಬರ್ಲಿ, ನಮ್ದೂ ಬತ್ತದೆ."

ಮೇಷ್ಟ್ರು ಬೇಲಿ ನೋಡ್ತಾ ನಿಂತರು. ಊರಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಅವತ್ತು ಸೆರಗು ಸಿಗಿಸ್ಕೊಂಡು ಸೀದಾ ಮನೆಗೆ ನಡೆದೆ.

ಮೊಮ್ಮಗಳನ್ನ ನಮ್ಮ ಸ್ಕೂಲಿಗೇ ಸೇರಿಸೋಣ ಅಂದಿದ್ದಕ್ಕೆ ಮನೇಲಿ ಸೊಸೆ ಕೂಗಾಡಿದಳು. "ನಿಮ್ ಕೆಲ್ಸ ಉಳಿಸ್ಕಳಾಕೆ ನನ್ ಮಗಳು ಬೇಕಾ ಅತ್ತೆ?"

"ಊಂ, ಅದಕ್ಕೂ ಹೌದು ಕಣಮ್ಮಿ" ಅಂದೆ. ಸುಳ್ಳು ಯಾಕೆ ಹೇಳ್ಲಿ?

ಸ್ಕೂಲು ಶುರುವಾಗಿ ಮೂರು ದಿನ ಮಗೂನ ವ್ಯಾನಿಗೇ ಹತ್ತಿಸಿದಳು. ನಾಲ್ಕನೇ ದಿನ ತಾನೇ ಜಡೆ ಹೆಣೆದು ಮಗೂನ ನನ್ನ ಜೊತೆ ಕಳಿಸಿದಳು. ದಿನಾ ವ್ಯಾನಲ್ಲಿ ವಾಂತಿ ಮಾಡ್ಕೊಂಡು ಬರ್ತಿದ್ದ ಕೂಸು, ಅವಳಿಗೂ ಸಾಕಾಗಿತ್ತೋ ಏನೋ. ಮಾರನೇ ದಿನ ಮಾದಮ್ಮನ ಮಗಳೂ ಬಂತು.

ಇವತ್ತು ಊಟದ ಬೆಲ್ಲು ಹೊಡೆದಾಗ ಮೊಮ್ಮಗಳು ತಟ್ಟೆ ಹಿಡಿದು ಎಲ್ಲರ ಮುಂದೆ ನುಗ್ಗಿ, "ಅಜ್ಜೀ, ನಂಗ್ ಮೊದ್ಲು" ಅಂದಳು.

"ಇಲ್ಲಿ ಅಜ್ಜಿ ಗಿಜ್ಜಿ ಯಾರೂ ಇಲ್ಲ" ಅಂದೆ. "ಇವರೆಲ್ಲ ನಿನಗಿಂತ ಮುಂಚೆ ಬಂದೋರು. ಹಿಂದಕ್ಕೋಗಿ ನಿಂತ್ಕೊ."